ಒಲೆ ಬಿಡದ ಹಿರಿಯತ್ತೆ

ನನಗೆ ಇಬ್ಬರು ಅತ್ತೆಯರಿದ್ದರು. ಒಬ್ಬರು ಬದುಕಿದ್ದರು, ಇನ್ನೊಬ್ಬರು ಸತ್ತಿದ್ದರು. ನಾನು ಹೆದರುತ್ತಿದ್ದುದು ಸತ್ತವರಿಗೆ! ಬದುಕಿದ್ದವರು ನನ್ನ ಗಂಡನ ತಾಯಿ. ಸತ್ತವರು ಆ ತಾಯಿಗೆ ಅತ್ತೆಯಾಗಿದ್ದವರು. ನಾನು ಆ ಮನೆಗೆ ಕಾಲಿಡುವ ಎಷ್ಟೋ ವರ್ಷ ಮೊದಲೇ ತೀರಿಕೊಂಡವರು. ತೀರಿಕೊಂಡವರು ಹೋಗಬೇಕಲ್ಲವೇ? ಈ ಹಿರಿಯತ್ತೆ ಹೋಗಿರಲಿಲ್ಲ. ಅಡುಗೆಮನೆಯಲ್ಲೇ ಉಳಿದಿದ್ದರು. ಹಾಗಂತ ನಮ್ಮ ಅತ್ತೆ ಹೇಳುತ್ತಿದ್ದರು. ನಮ್ಮ ಅತ್ತೆ ಹೇಳಿದ್ದನ್ನು ಇಲ್ಲವೆನ್ನುವ ಎದೆಗಾರಿಕೆ ಹನುಮಸಾಗರದಲ್ಲಿ ಯಾರಿಗಿತ್ತು!

ನಾನು ಗಂಗಾವತಿ ಕಡೆಯವಳು. ಕಾಲುವೆ ನೀರು, ಭತ್ತದ ಗದ್ದೆ, ಬೆಳಕು ಬೀಳುವ ಅಡುಗೆಮನೆ ಕಂಡು ಬೆಳೆದವಳು. ಇಲ್ಲಿ ನೋಡಿದರೆ ಮಣ್ಣಿನ ಮಾಳಿಗೆ ಮನೆ. ಅಡುಗೆಮನೆಗೆ ಮಾಳಿಗೆಯಲ್ಲಿ ಅಂಗೈಯಗಲದ ಬೆಳಕಿಂಡಿ ಒಂದೇ, ಅದೂ ಮಸಿ ಹಿಡಿದು ಮುಚ್ಚಿಹೋಗಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಮಟಮಟ ಮಧ್ಯಾಹ್ನ ಆ ಬಾಗಿಲಲ್ಲಿ ನಿಂತೆ. ಒಳಗೆ ಕಪ್ಪು ಕತ್ತಲೆ. ಆ ಕತ್ತಲೆಯಲ್ಲಿ ನಾಲ್ಕಾರು ಕೆಂಡ, ಮತ್ತು ರೊಟ್ಟಿ ಬಡಿಯುವ ಸಪ್ಪಳ. ಟಪ್, ಟಪ್, ಟಪ್. ಬಡಿಯುವವರು ಮಾತ್ರ ಕಾಣರು!

"ಅತ್ತೀ, ದೀಪಾ ಹಚ್ಚಲೇನ್ರಿ?"

"ಬ್ಯಾಡವಾ. ಅತ್ತಿಯವ್ರ ಕಣ್ಣಿಗೆ ಚುಚ್ಚತೈತಿ."

"ಯಾವ ಅತ್ತಿಯವ್ರುರಿ?"

"ನಿನ್ನ ಬಾಜೂಕ ನಿಂತಾರಲ್ಲ, ಅವ್ರು."

ಒಂದೇ ನೆಗೆತಕ್ಕೆ ನಾನು ಅಂಗಳದಲ್ಲಿದ್ದೆ.

ಅದು ಯುದ್ಧದ ಕಾಲ. ಸೀಮೆಎಣ್ಣೆ ಸಿಗುವುದೇ ಕಷ್ಟ. ಹೀಗಾಗಿ ಕತ್ತಲೆಯಲ್ಲಿ ಅಡುಗೆ ಮಾಡುವ ಹೆಂಡತಿಯ ಬಗ್ಗೆ ಮಾವನವರದು ಯಾವ ತಕರಾರೂ ಇರಲಿಲ್ಲ. ದೆವ್ವವಾದರೇನು, ಎಣ್ಣೆ ಉಳಿಸುವ ದೆವ್ವ!

ಹಿರಿಯತ್ತೆಯ ಕಾನೂನು ಒಂದೇ. ಅಡುಗೆಮನೆಯಲ್ಲಿ ಯಾವ ವಸ್ತುವೂ ಜಾಗ ಬಿಟ್ಟು ಕದಲಬಾರದು. ನಾನು ಹೊಸಬಳು, ಅಚ್ಚುಕಟ್ಟಿನ ಹುಚ್ಚು ಬೇರೆ. ಒಂದು ದಿನ ಉಪ್ಪಿನ ಗಡಿಗೆಯನ್ನು ಒಲೆಯ ಎಡಗಡೆಯಿಂದ ಎತ್ತಿ ಗೂಡಿನಲ್ಲಿಟ್ಟೆ. ಮರುದಿನ ಅತ್ತೆಯ ಕೈ ಎಡಕ್ಕೆ ಚಾಚಿತು, ಗಾಳಿಯಲ್ಲೇ ನಿಂತಿತು. ತುಸು ಹೊತ್ತು ಹಾಗೇ ಇದ್ದು ಹಿಂದಕ್ಕೆ ಹೋಯಿತು. ಅವತ್ತು ಪುಂಡಿಪಲ್ಲೆಗೆ ಉಪ್ಪೇ ಇಲ್ಲ!

"ಅತ್ತಿಯವ್ರು ಉಪ್ಪು ಕಸಗೊಂಡಾರ," ಎಂದರು ಬಡಿಸುತ್ತ. "ಯಾರೋ ಗಡಿಗಿ ಸರಿಸ್ಯಾರ. ಸಿಟ್ಟಾಗ್ಯಾರ."

ಮಾವ, ನನ್ನ ಗಂಡ ಇಬ್ಬರೂ ತಲೆ ಬಗ್ಗಿಸಿ ಸಪ್ಪೆ ಪಲ್ಲೆ ಉಂಡೆದ್ದರು. ಸತ್ತವರ ಸಿಟ್ಟಿನ ಮುಂದೆ ಉಪ್ಪು ಯಾವ ಲೆಕ್ಕ? ನಾನು ಗಡಿಗೆಯನ್ನು ಸದ್ದಿಲ್ಲದೆ ಮೊದಲಿನ ಜಾಗಕ್ಕೆ ತಂದಿಟ್ಟೆ.

ಪಕ್ಕದ ಮನೆಯವಳ ಕಥೆ ಇನ್ನೂ ಚಂದ. ಹೆಪ್ಪಿಗೆ ಮಜ್ಜಿಗೆ ಕೇಳಲು ಬಟ್ಟಲು ಹಿಡಿದು ಬಂದವಳು ಕತ್ತಲೆ ಕಂಡು ಹೊಸ್ತಿಲಲ್ಲೇ ಉಸಿರು ಬಿಗಿಹಿಡಿದು ನಿಂತಳು. ಅತ್ತೆ ಈ ಕಡೆ ಬೆನ್ನು ಮಾಡಿ ಕೂತಿದ್ದರು. ತಿರುಗಲೇ ಇಲ್ಲ.

"ಹೆಪ್ಪಿಗೆ ಬಂದೀಯೇನ? ಬಟ್ಟಲಾ ಅಲ್ಲೇ ಇಡು. ಮತ್ತ ನಿನ್ನ ಎಡಗಾಲಿಗೆ ಏನಾಗೇತಿ?"

ಅವಳ ಎಡಗಾಲಿಗೆ ನಿಜವಾಗಿಯೂ ಮುಳ್ಳು ಚುಚ್ಚಿತ್ತು! ಬೆನ್ನಿಗೆ ಕಣ್ಣಿರುತ್ತವೆಯೇ? ಕಿವಿಯಲ್ಲಿ ಹಿರಿಯತ್ತೆ ಹೇಳಿರಬೇಕಷ್ಟೆ. ಬಟ್ಟಲು ಕೆಳಗೆ ಬಿದ್ದ ಸದ್ದು ನಿಲ್ಲುವುದರೊಳಗೆ ಅವಳು ಕುಂಟುತ್ತಲೇ ಓಡಿ ಮನೆ ಸೇರಿದ್ದಳು. ಬಟ್ಟಲು ಕೇಳಲು ಮತ್ತೆ ಬರಲಿಲ್ಲ.

ಇಷ್ಟಾದ ಮೇಲೆ ಧೈರ್ಯ ಮಾಡಿ ಒಮ್ಮೆ ಕೇಳಿದೆ, ಹಿರಿಯತ್ತೆ ಯಾಕೆ ಹೋಗಿಲ್ಲವೆಂದು.

"ಕಡೀ ಕಾಲಕ್ಕ ಇವ್ರಿಗೆ ಕೈ ಸಾಗೂದಿಲ್ಲಂತ ಮನಿಮಂದಿ ಒಲಿ ಬಿಡಿಸಿ ಪಡಸಾಲಿ ಮೂಲ್ಯಾಗ ಕಂಬಳಿ ಹಾಸಿ ಕುಂದರ್ಸಿದ್ರು. ಹೊತ್ತಿಗೆ ರೊಟ್ಟಿ ಮುಂದಿಡ್ತಿದ್ರು. ಬಿಡಿಸಿದ ಒಲಿ ಅಲ್ಲೇನವಾ ಅದು? ಹೆಂಗ ಬಿಟ್ಟು ಹೋಗ್ತಾರ?" ಎಂದರು ಅತ್ತೆ.

ಹೀಗಿರುವಾಗ ಮಾವನವರು ಕೆಲಸದ ಮೇಲೆ ಕುಷ್ಟಗಿಗೆ ಹೋಗಿ ಬಂದರು. ಅಲ್ಲಿ ಯಾರೋ ಸಾಹೇಬರ ಮನೆಯ ಅಡುಗೆಮನೆ ಕಂಡು ಮರುಳಾಗಿದ್ದರು. ಎತ್ತರದ ಕಟ್ಟೆಯ ಮೇಲೆ ಒಲೆಯಂತೆ, ನಿಂತೇ ಅಡುಗೆಯಂತೆ, ಹೊಗೆ ಹೋಗಲು ಗೂಡಂತೆ, ಮಾಳಿಗೆಗೆ ಗಾಜಂತೆ! ನಮ್ಮ ಒಲೆ ಅಗ್ನಿ ಮೂಲೆಯಲ್ಲಿಲ್ಲ ಎಂಬುದೂ ಆಗಲೇ ಅವರಿಗೆ ನೆನಪಾಯಿತು. ಅಷ್ಟು ವರ್ಷ ಅದೇ ಒಲೆಯ ರೊಟ್ಟಿ ತಿಂದಾಗ ನೆನಪಾಗಿರಲಿಲ್ಲ.

"ಒಲಿ ಸರಿಸಬ್ಯಾಡ್ರಿ," ಎಂದರು ಅತ್ತೆ. "ಅತ್ತಿಯವ್ರು ಒಪ್ಪೂದಿಲ್ಲ."

"ಅಕಿ ನನ್ನ ಹಡದವ್ವ. ನಾನ ಕೇಳ್ತೀನಿ."

ಮಾವ ತಲೆಗೆ ಪಟಗ ಸುತ್ತಿಕೊಂಡು ಖುದ್ದು ಒಲೆಯ ಮುಂದೆ ನಿಂತು ಕೈಮುಗಿದರು. "ಯವ್ವಾ, ಹೊಸಾ ಒಲಿ ಕಟ್ಟಸ್ತೀನಿ. ಹುಕುಂ ಕೊಡು." ಕತ್ತಲೆಯಲ್ಲಿ ಎಲ್ಲಿಂದಲೋ ಹಲ್ಲಿ ಲೊಚಗುಟ್ಟಿತು. "ಹೂಂ ಅಂದ್ಲು ನೋಡು!" ಎಂದರು ಮಾವ. "ಒಲ್ಲೆ ಅಂದ್ರುರಿ ಅವ್ರು," ಎಂದರು ಅತ್ತೆ. ಇಬ್ಬರ ನಡುವೆ ಪಾಪದ ಹಲ್ಲಿಗೆ ತಾನು ಏನು ಅಂದೆ ಎಂದು ಗೊತ್ತಿತ್ತೋ ಇಲ್ಲವೋ! ಮರುವಾರ ಒಲೆ ಕಟ್ಟುವ ಗೌಂಡಿ ಬಂದ.

ಒಲೆ ಕೆಡವುವ ಮುಂಚೆ ಅದರ ಕೆಂಡವನ್ನು ಅಂಗಳದ ಮೂರು ಕಲ್ಲಿನ ಒಲೆಗೆ ತಂದೆವು. ಒಲೆ ಬದಲಾದರೂ ಬೆಂಕಿ ಬದಲಾಗಬಾರದು, ಅದು ಮನೆಯ ಪದ್ಧತಿ. ಹೊಸ ಒಲೆ ಆಗುವತನಕ ಆ ಬೆಂಕಿ ಆರದಂತೆ ಕಾಯಬೇಕು. ಆಮೇಲೆ ಮನೆಯ ಹಿರಿಯ ಹೆಂಗಸೇ ಕೆಂಡ ಒಯ್ದು ಒಲೆ ಹೂಡಬೇಕು. ಎರಡು ದಿನ ಬಿಟ್ಟು ಗೌಂಡಿ ಹಳೆಯ ಒಲೆಗೆ ಗುದ್ದಲಿ ಹಾಕಿದ. ಬೂದಿ ಉಸಿರುಬಿಟ್ಟಂತೆ ಎದ್ದಿತು. ಒಳಗೆ ಕೈಯಿಟ್ಟವನು ಕೈ ಕಿತ್ತುಕೊಂಡ.

"ಯಜಮಾನ್ರ, ಮಣ್ಣು ಇನ್ನೂ ಬೆಚ್ಚಗೈತ್ರಿ!"

ಅವತ್ತು ಅವನು ಗುದ್ದಲಿ ಬಿಟ್ಟು ಮನೆಗೆ ಹೋದ. ಹೇಗೆ ಬೆಚ್ಚಗಿತ್ತು? ಇವತ್ತಿಗೂ ನನಗೆ ತಿಳಿದಿಲ್ಲ, ಕೇಳಬೇಡಿ.

ಅಂಗಳದ ಒಲೆಯಲ್ಲಿ ಅತ್ತೆಯ ರೊಟ್ಟಿ ಕೆಟ್ಟವು. ಅಂಚು ಸೀದವು, ನಡುವೆ ಹಸಿ ಉಳಿಯಿತು. ಒಂದು ಸಲ ಕುದಿವ ಬೇಳೆಯ ಗಡಿಗೆ ತಪ್ಪಿ ಉರುಳಿತು. ಊರಿಗೆಲ್ಲ ಹಿರಿಯತ್ತೆಯ ಸಿಟ್ಟೇ ಕಂಡಿತು. ಕೊನೆಗೆ ಅತ್ತೆ "ನೀನ ಮಾಡವಾ," ಎಂದು ನನಗೆ ಬಿಟ್ಟುಕೊಟ್ಟು ಎದ್ದರು. ಗೋಡೆ ಹಿಡಿದು ನಡೆದು ಪಡಸಾಲೆಯ ಮೂಲೆಗೆ ಹೋಗಿ ಕಂಬಳಿಯ ಮೇಲೆ ಕೂತರು. ಅದೇ ಮೂಲೆ! ಸತ್ತವರನ್ನು ನಾನು ನೋಡಿದ್ದಿಲ್ಲ. ಆದರೆ ಅವತ್ತು ರೊಟ್ಟಿ ಮುಂದಿಡಲು ಹೋದಾಗ ಅಲ್ಲಿ ಕೂತವರು ಯಾರೆಂದು ಅರೆಗಳಿಗೆ ತಿಳಿಯಲಿಲ್ಲ.

ಒಲೆ ಹೂಡುವ ದಿನ ಬಂತು. ಹೊಸ ಅಡುಗೆಮನೆ ಸುಣ್ಣ ಬಳಿದುಕೊಂಡು ಕಣ್ಣು ಕುಕ್ಕುತ್ತಿತ್ತು. ಗಂಗಾವತಿಯಿಂದ ಚಕ್ಕಡಿಯಲ್ಲಿ ಹುಲ್ಲಿನ ನಡುವೆ ಮಲಗಿಸಿ ತಂದ ಗಾಜು ಮಾಳಿಗೆಯಲ್ಲಿ ಕೂತಿತ್ತು. ಪಕ್ಕದ ಮನೆಯವಳೂ ಧೈರ್ಯ ಮಾಡಿ ಬಂದಿದ್ದಳು. ಕೆಲಸ ನಡೆದಷ್ಟು ದಿನ ಸಿಟ್ಟಿನಿಂದ ಒಮ್ಮೆಯೂ ಒಳಗೆ ಕಾಲಿಡದ ಅತ್ತೆ, ಒಡೆದ ಗಡಿಗೆಯ ಬೋಕಿಯಲ್ಲಿ ಕೆಂಡ ಹಿಡಿದು ಹೊಸ್ತಿಲು ದಾಟಿದರು.

ಹೊಸ ಕಟ್ಟೆ ಬಲಕ್ಕೆ, ಸೊಂಟದೆತ್ತರಕ್ಕೆ ನಿಂತಿತ್ತು. ಅತ್ತೆ ಅದನ್ನು ದಾಟಿ ನೇರ ಹಳೆಯ ಮೂಲೆಗೆ ನಡೆದರು. ಕುಕ್ಕುರುಗಾಲಲ್ಲಿ ಕೂತು ಬರೀ ನೆಲದ ಮೇಲೆ ಕೆಂಡ ಸುರಿದರು. ಆಮೇಲೆ ಅವರ ಎಡಗೈ ಅಲ್ಲಿಲ್ಲದ ಉಪ್ಪಿನ ಗಡಿಗೆಯನ್ನು ಹುಡುಕುತ್ತ ನೆಲ ಸವರತೊಡಗಿತು.

"ಹಿರ್ಯಾರು ಮೈಮ್ಯಾಲೆ ಬಂದಾರೋ!" ಎಂದು ಪಕ್ಕದ ಮನೆಯವಳು ಚೀರಿದಳು.

ಗಾಜಿನ ಬಿಸಿಲು ನೆಟ್ಟಗೆ ಅತ್ತೆಯ ಮುಖದ ಮೇಲೆ ಬಿದ್ದಿತ್ತು. ನಾವೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದೆವು. ಅತ್ತೆಯ ಕಣ್ಣು ತೆರೆದೇ ಇದ್ದವು, ಒಮ್ಮೆಯೂ ಮಿಟುಕಲಿಲ್ಲ. ಆ ಕಣ್ಣುಗಳಲ್ಲಿ ಬೆಳಕು ಹೋಗಿ ಎಷ್ಟು ಕಾಲವಾಗಿತ್ತೋ! ಎದುರಿಗೆ ನಿಂತಿದ್ದ ಮಾವನವರ ಮುಖ ನೋಡಿದೆ. ಅವರಿಗೂ ಈಗ ತಿಳಿದಿತ್ತು.

ಮಾವ ಜೋರಾಗಿ ಹೇಳಿದರು: "ನೋಡಿದ್ರೇನು? ನಮ್ಮವ್ವಗ ಒಲಿ ಇಲ್ಲೇ ಬೇಕಂತ! ಗೌಂಡಿ, ಆ ಕಟ್ಟಿ ಕೆಡವು. ಮೊದಲ ಹೆಂಗಿತ್ತೋ ಹಂಗ ಇಲ್ಲೇ ಕಟ್ಟು. ಒಂದ ಬೆರಳು ಆಕಡೆ ಈಕಡೆ ಆದ್ರ ಅವ್ವ ನಿನ್ನ ಬಿಡೂದಿಲ್ಲ!"

ಒಲೆ ಮೊದಲಿದ್ದಲ್ಲಿಗೇ ಬಂತು. ಉಪ್ಪಿನ ಗಡಿಗೆಯನ್ನು ಮಾವನವರೇ ಅದರ ಜಾಗದಲ್ಲಿಟ್ಟರು. ಆಮೇಲೆ ನನ್ನನ್ನು ಅಂಗಳಕ್ಕೆ ಕರೆದು, "ನಮಗ ಗೊತ್ತಾಗೇತಿ ಅಂತ ಅಕಿಗೆ ತಿಳೀಬಾರದು ನೋಡವಾ," ಎಂದರು. ಅಷ್ಟು ಹೇಳುವಾಗ ಅವರ ಗಡ್ಡ ಅದುರುತ್ತಿತ್ತು. ಅವತ್ತೇ ಅಡುಗೆಮನೆಯಲ್ಲಿ ಅತ್ತೆ ನನ್ನ ಸೆರಗು ಹಿಡಿದರು. "ನೀ ಶಾಣ್ಯಾಕಿ, ನಿನಗ ತಿಳದೈತಿ. ನಿಮ್ಮ ಮಾವಗ ಹೇಳಬ್ಯಾಡವಾ." ಇಬ್ಬರಿಗೂ ಹೂಂ ಎಂದೆ.

ಅದಾಗಿ ಕೆಲವು ದಿನದ ಮೇಲೆ ಅತ್ತೆಯ ಕೈ ಎಡಕ್ಕೆ ಚಾಚಿತು. ಯಾರೋ ಅವಸರದಲ್ಲಿ ಗಡಿಗೆಯನ್ನು ತುಸು ದೂರ ಸರಿಸಿಬಿಟ್ಟಿದ್ದರು. ಕೈ ಗಾಳಿಯಲ್ಲಿ ನಿಂತಿತು. ನಾನು ಉಸಿರು ಬಿಗಿಹಿಡಿದು, ಬಳೆ ಸದ್ದಾಗದಂತೆ ಬಗ್ಗಿ ಗಡಿಗೆಯನ್ನು ಆ ಕೈಯ ಕೆಳಗೆ ಸರಿಸಿದೆ.

ಅತ್ತೆ ಉಪ್ಪು ತೆಗೆದುಕೊಂಡರು. ಮುಖದ ಮೇಲೆ ಸಣ್ಣ ನಗು ಬಂತು.

"ಅತ್ತಿಯವ್ರು ಕೊಟ್ರು," ಎಂದರು.

"ಹೌದ್ರಿ ಅತ್ತೀ," ಎಂದೆ, ಬಾಗಿಲಾಚೆ ಎಲ್ಲೋ ದೂರದಲ್ಲಿದ್ದವಳಂತೆ ದನಿ ಮಾಡಿ.