ಕಾಕಾನ ಕಾಡುಹಾಗಲ

ನೀರು ಹೀರುವ ಶಕ್ತಿ ನೋಡಿ ದಿನಪತ್ರಿಕೆ ಆರಿಸುವವರು ಇಡೀ ಹೈದರಾಬಾದಿನಲ್ಲಿ ನಮ್ಮ ಕಾಕಾ ಒಬ್ಬರೇ! ಸುದ್ದಿ ಯಾರಿಗೆ ಬೇಕು? ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಅವರಿಗೆ ಕಾಡುಬಳ್ಳಿಗಳ ಹುಚ್ಚು. ಕಂಡ ಬಳ್ಳಿಯನ್ನು ಕತ್ತರಿಸಿ ತಂದು, ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಹೊಲಿದು, ಹೆಸರು, ಸಿಕ್ಕ ಜಾಗ, ಹೂ, ಕಾಯಿ ಎಂದು ಮೂಲೆಯಲ್ಲಿ ಚೀಟಿ ಅಂಟಿಸುತ್ತಿದ್ದರು. ಸಾಫ್ಟ್‌ವೇರ್ ಕಂಪನಿಗಳು ಬಂದು ಊರು ಉಬ್ಬಿದಾಗ ಪತ್ರಿಕೆ ತುಂಬ ಫ್ಲಾಟುಗಳ ಜಾಹೀರಾತು, ಅದೂ ನುಣುಪು ಕಾಗದದಲ್ಲಿ. ಹನಿ ನೀರೂ ಹೀರುವುದಿಲ್ಲವೆಂದು ಕಾಕಾ ಪತ್ರಿಕೆಯನ್ನೇ ಬದಲಿಸಿದರು.

ಒತ್ತಲು ಭಾರ ಬೇಕಲ್ಲ? ದಿಲ್‌ಸುಖ್‌ನಗರದ ಅವರ ಮನೆಯಲ್ಲಿದ್ದು ನಾನು ಓದುತ್ತಿದ್ದೆ. ನನ್ನ ಗಾದಿಯ ಕೆಳಗೂ ಬಳ್ಳಿಗಳೇ. ಕಲಬುರ್ಗಿಯಿಂದ ಬಂದ ದಪ್ಪನೆಯ ನೆಂಟರೊಬ್ಬರು ಎರಡೇ ದಿನಕ್ಕೆ ಹೊರಟು ನಿಂತಾಗ ಕಾಕಾ ಕಳವಳದಿಂದ ತಡೆದರು: "ಇನ್ನೆರಡು ದಿನ ಇರ್ರಿ. ಇನ್ನೂ ಒಣಗಿಲ್ಲ."

ಕಾಕಾನ ಹೆಂಡತಿ, ನಮ್ಮ ಕಾಕು, ಇದನ್ನೆಲ್ಲ ನಗುತ್ತ ಸಹಿಸಿದವರು. ಆದರೆ ಒಮ್ಮೆ ಎಡವಟ್ಟಾಯಿತು. ಮಿಯಾಪುರದ ಬಂಡೆಯೊಂದರ ಮೇಲೆ ಹಬ್ಬಿದ್ದ ಕಾಡುಹಾಗಲದಂಥದ್ದು ಕಾಕಾಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಹೂವಿನ ಬಳ್ಳಿ ಆಗಲೇ ಹಾಳೆ ಸೇರಿತ್ತು. ಕಾಯಿ ಬಲಿಯುವವರೆಗೆ ಕಾದು, ಬಸ್ಸು ಬದಲಿಸಿ ಹೋಗಿ ಕಿತ್ತು ತಂದು, ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದರು. ಬರುವಷ್ಟರಲ್ಲಿ ಅದು ಪಲ್ಯವಾಗಿತ್ತು!

ಗಂಡ ಅಪರೂಪಕ್ಕೆ ಕಾಯಿಪಲ್ಯ ತಂದರೆಂದು ಕಾಕುಗೆ ಖುಷಿಯಾಗಿತ್ತು, ಪಾಪ. ಕಾಕಾ ಬೈಯಲಿಲ್ಲ, ಪಲ್ಯವನ್ನೂ ಮುಟ್ಟಲಿಲ್ಲ. ಚೀಟಿಯಲ್ಲಿ ಸುಳ್ಳು ಬರೆಯಬಾರದೆಂಬುದು ಅವರ ನೇಮ. 'ಕಾಯಿ' ಎಂಬಲ್ಲಿ 'ಪಲ್ಯವಾಗಿದೆ' ಎಂದು ಬರೆದರು.

ಮರುವರ್ಷ ಹೋದರೆ ಬಂಡೆಯೇ ಇಲ್ಲ! ಅದನ್ನು ಸಿಡಿಸಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತಿದ್ದರು. ಬಳ್ಳಿ ಇನ್ನಿಲ್ಲವೆಂಬ ಸಂಕಟ ಕಾಕಾಗೆ, ಹಾಳೆ ತನ್ನಿಂದ ಅರ್ಧಕ್ಕೇ ನಿಂತಿತೆಂಬ ಸಂಕಟ ಕಾಕುಗೆ. ಮನೆಯಲ್ಲಿ ನಗುವೇ ನಿಂತಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ಕಾಕು ಕಾಕಾನನ್ನು ಹಿತ್ತಲಿಗೆ ಕರೆದೊಯ್ದರು. ಅಂದು ಪಲ್ಯಕ್ಕೆ ಹೆಚ್ಚುವಾಗ ಎಸೆದ ಬೀಜ ಬಳ್ಳಿಯಾಗಿ ಬಟ್ಟೆ ಒಣಹಾಕುವ ತಂತಿ ಏರಿತ್ತು. ಒಂದು ಕಾಯಿ ಹಣ್ಣಾಗಿ ಕೆಂಪಗೆ ಬಾಯ್ಬಿಟ್ಟಿತ್ತು. ನಮ್ಮ ಬಟ್ಟೆಗಳೆಲ್ಲ ಒಳಗೇ ಒಣಗುತ್ತಿದ್ದುದು ಯಾಕೆಂದು ನನಗೆ ಆಗ ತಿಳಿಯಿತು. ಕಾಕು ಚಾಕು ಮುಂದೆ ಹಿಡಿದರು.

"ಕೊಯ್ಕೋರಿ. ನಿಮ್ಮ ಹಾಳಿ ಪೂರಾ ಆಗ್ಲಿ."

ಕಾಕಾ ಚಾಕು ತೆಗೆದುಕೊಳ್ಳಲಿಲ್ಲ. ಹಣ್ಣಿನ ಬೀಜಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಆ ಭಾನುವಾರ ಇಬ್ಬರೂ ಮಿಯಾಪುರಕ್ಕೆ ಹೋಗಿ ಅಪಾರ್ಟ್‌ಮೆಂಟಿನ ಗೋಡೆಯುದ್ದಕ್ಕೂ ಅವನ್ನು ಊರಿದರು, ಚೀಲ ಹಿಡಿಯಲು ನಾನು. ಏನು ನಡೆದಿದೆ ಎಂದು ಕೇಳಿದ ರಾಯಚೂರು ಕಡೆಯ ವಾಚ್‌ಮನ್‌ಗೆ ಕಾಕು, "ಸೊಸಿನ್ನ ತವರುಮನಿಗೆ ಬಿಡಾಕ ಬಂದೀವ್ರಿ" ಎಂದರು. ಅವನು ಸೊಸೆಗಾಗಿ ಸುತ್ತಲೂ ನೋಡಿದ.

ಮನೆಗೆ ಬಂದವರೇ ಕಾಕಾ, "ಬಳ್ಳ್ಯಾಗ ಉಳಿದ ಕಾಯಿ ಪಲ್ಯ ಮಾಡು. ಅವತ್ತ ನಾ ತಿನ್ನಲಿಲ್ಲ" ಎಂದರು. ಕಾಕು ಕಣ್ಣೊರೆಸಿಕೊಳ್ಳುತ್ತ ಒಲೆ ಹಚ್ಚಿದರು. ನಾನೂ ಒಂದು ತುತ್ತು ತಿಂದೆ. ಅಬ್ಬಾ, ಬೇವೇ ವಾಸಿ! ಕಾಕಾ ತಟ್ಟೆ ಖಾಲಿ ಮಾಡಿ ಇನ್ನಷ್ಟು ಹಾಕಿಸಿಕೊಂಡರು.

ಆ ಹಾಳೆ ಈಗ ನನ್ನ ಬಳಿ ಇದೆ. ಕಾಕಾ ಬರೆದ ಚೀಟಿಗಳಲ್ಲಿ ಸುಳ್ಳಿರುವುದು ಅದೊಂದರಲ್ಲೇ: 'ಕಾಯಿ: ಪಲ್ಯವಾಗಿದೆ. ಕಹಿ ಇಲ್ಲ.'