ಹನಿ ಕಾಯುವ ಯಂತ್ರ

‘ನನ್ನಿಂದ ಆಗುವುದಿಲ್ಲ’ ಎಂಬ ಮಾತನ್ನು ಐವತ್ತೊಂದು ವರ್ಷಗಳಲ್ಲಿ ನಾನು ಒಮ್ಮೆಯೂ ಆಡಿದವನಲ್ಲ. ಇದನ್ನು ಗುಣವೆಂದು ತಿಳಿಯಬೇಡಿ. ನಮ್ಮ ಮನೆಯವರು ಇದನ್ನು ರೋಗದ ಪಟ್ಟಿಗೆ ಸೇರಿಸಿದ್ದಾರೆ. ಮಿಕ್ಸರ್ ಬಿಚ್ಚಿದ್ದೇನೆ, ಹೊಲಿಗೆ ಯಂತ್ರ ಬಿಚ್ಚಿದ್ದೇನೆ, ಮಾವನವರ ಕಿವಿಯ ಮಷೀನನ್ನೂ ಬಿಚ್ಚಿದ್ದೇನೆ. ಅಂದಿನಿಂದ ಮಾವ ನನ್ನೊಡನೆ ಮಾತು ಕಡಿಮೆ ಮಾಡಿದ್ದಾರೆ. ಅದು ಸಿಟ್ಟಿನಿಂದಲೋ ಕೇಳಿಸದೆಯೋ ಗೊತ್ತಾಗಿಲ್ಲ. ಹೊಟ್ಟೆಪಾಡಿಗೆ ನಾನು ಸದಲಗಾದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ. ಎಲೆಕ್ಟ್ರಾನಿಕ್ಸ್ ನನ್ನ ಪ್ರೀತಿ. ಅದಕ್ಕೆ ನನ್ನ ಮೇಲೆ ಅಷ್ಟಾಗಿ ಪ್ರೀತಿಯಿಲ್ಲ, ಆ ಮಾತು ಬೇರೆ.

ನಮ್ಮ ಓಣಿಯ ಮಹಾದೇವರ ಗುಡಿಯಲ್ಲಿ ಶ್ರಾವಣ ಸೋಮವಾರಗಳಂದು ಬೆಳಗಿನಿಂದ ಸಂಜೆಯವರೆಗೆ ಲಿಂಗದ ಮೇಲೆ ಹನಿ ಬೀಳುತ್ತಲೇ ಇರಬೇಕು. ಮೇಲೆ ತೂತುಳ್ಳ ತಾಮ್ರದ ಕೊಡ ತೂಗುತ್ತದೆ. ಅದು ಬರಿದಾಗದಂತೆ, ತೂತು ಕಟ್ಟದಂತೆ ಕಾಯಲು ಒಂದೊಂದು ಸೋಮವಾರ ಒಂದೊಂದು ಮನೆಯ ಪಾಳಿ. ಮೂರನೆಯ ಸೋಮವಾರ ನಮ್ಮದು. ಅವ್ವ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳೇ ಕೂಡುತ್ತಾಳೆ. ಹೋದ ವರ್ಷದ ಹಿಂದಿನ ವರ್ಷ, ಮಧ್ಯಾಹ್ನ, ಕಂಬಕ್ಕೆ ಒರಗಿದವಳಿಗೆ ಕಣ್ಣು ಹತ್ತಿತು. ಹೂವಿನ ಎಸಳೊಂದು ತೂತಿಗೆ ಸಿಕ್ಕಿ ಹನಿ ನಿಂತಿತು. ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಗುಡಿಯ ಹಿರಿಯ ಮಲಗೊಂಡ ಕಾಕಾ ಮನೆಗೇ ಬಂದರು.

“ನಿಮ್ಮವ್ವಗ ವಯಸ್ಸಾತು ಮಾಸ್ತರ. ಮುಂದಿನ ವರ್ಷ ಪಾಳಿ ಬ್ಯಾರೆ ಮನಿಗಿ ಕೊಡೂನು.”

ಅವ್ವ ಒಳಗೆ ಕೇಳಿಸಿಕೊಂಡಳು. ಆ ರಾತ್ರಿ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದಳು. ಮರುದಿನವೇ ಕಾಕಾ ಅವರ ಬಳಿ ಹೋಗಿ, ಹನಿ ನಿಂತ ಕೂಡಲೇ ಕೂಗುವ ಯಂತ್ರ ಮಾಡುತ್ತೇನೆ, ಪಾಳಿ ನಮ್ಮಲ್ಲೇ ಇರಲಿ ಎಂದೆ. ಒಂದು ವರ್ಷ ನೋಡೋಣವೆಂದು ಕಾಕಾ ನಕ್ಕರು. “ಅದು ನಿನ್ನ ಕೈಲೆ ಆಗೂ ಕೆಲಸ ಅಲ್ಲೋ ತಮ್ಮಾ.” ಅಷ್ಟು ಸಾಕಾಯಿತು.

ಲೆಕ್ಕ ಸರಳ. ಒಂದು ಕಡೆ ಕಣ್ಣಿಗೆ ಕಾಣದ ಬೆಳಕು ಬೀರುವ ದೀಪ, ಎದುರಿಗೆ ಅದನ್ನು ಹಿಡಿಯುವ ಕಣ್ಣು. ನಡುವೆ ಹನಿ ಬಿದ್ದರೆ ಬೆಳಕು ಚಣ ಅಲುಗುತ್ತದೆ, ಕೆಂಪು ಚುಕ್ಕೆ ಮಿನುಗುತ್ತದೆ. ಹತ್ತು ಸೆಕೆಂಡು ಹನಿ ಇಲ್ಲವೆಂದರೆ ಬಝರ್. ಎದುರಿನ ಕಣ್ಣು ನಿಪ್ಪಾಣಿಯ ರೇಡಿಯೋ ರಿಪೇರಿಯವನ ಧೂಳು ಹಿಡಿದ ಡಬ್ಬಿಯಲ್ಲಿ ಸಿಕ್ಕಿತು. ದೀಪಕ್ಕಾಗಿ ಮಾತ್ರ ನಮ್ಮ ಟಿ.ವಿ. ರಿಮೋಟಿನ ಹೊಟ್ಟೆ ಸೀಳಿದೆ. ನನ್ನ ಹೆಂಡತಿ ಶೋಭಾ ಮೂರು ವಾರ ಚಾನೆಲ್ ಬದಲಿಸಲು ಎದ್ದೆದ್ದು ಹೋದಳು. “ದೇವರ ಕೆಲಸ ಅಂತ ಬಾಯಿ ಮುಚ್ಕೊಂಡೀನ್ರಿ,” ಎಂದು ಆ ಮುಚ್ಚಿದ ಬಾಯಿಂದಲೇ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು.

ಬಚ್ಚಲಿನ ನಳದ ಕೆಳಗೆ ಯಂತ್ರ ಜಾಣನಂತೆ ನಡೆಯಿತು. ಗುಡಿಗೆ ಒಯ್ದರೆ, ಒಂದು ಹನಿಯೂ ಬೀಳದ ಖಾಲಿ ಕೊಡದ ಕೆಳಗೆ ಕೆಂಪು ಚುಕ್ಕೆ ಹುಚ್ಚೆದ್ದು ಮಿನುಗತೊಡಗಿತು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ತಿಳಿಯಿತು, ಅದು ಗರ್ಭಗುಡಿಯ ಟ್ಯೂಬ್‌ಲೈಟಿನ ಮಿನುಗನ್ನೇ ಹನಿಯೆಂದು ಎಣಿಸುತ್ತಿತ್ತು. ಹಳೆಯ ಪೆನ್ನಿನ ಕಪ್ಪು ಟೊಪ್ಪಿಗೆಯೊಂದಕ್ಕೆ ತೂತು ಕೊರೆದು ಆ ಕಣ್ಣಿಗೆ ತೊಡಿಸಿದೆ, ಹುಚ್ಚು ಇಳಿಯಿತು. ಆಮೇಲೆ ಬಿಲ್ವಪತ್ರೆ ಏರಿಸುವವರ ಕೈಗಳನ್ನು ಎಣಿಸತೊಡಗಿತು. ಯಂತ್ರವನ್ನು ಕೊಡದ ಬುಡಕ್ಕೇ ಎತ್ತಿ ಕಟ್ಟಿದೆ. ಆರು ಸಲ ಬಿಚ್ಚಿದೆ, ಬೆಸುಗೆ ಹಾಕುತ್ತ ಆರು ಸಲ ಬೆರಳು ಸುಟ್ಟುಕೊಂಡೆ, ಬಿಡಲಿಲ್ಲ.

ಹೋದ ವರ್ಷದ ಮೂರನೆಯ ಸೋಮವಾರ ಬಂತು. ಅವ್ವ ನಸುಕಿನಲ್ಲೇ ಮಡಿಯುಟ್ಟು ಬಂದು ಕಂಬದ ಬಳಿ ಕೂತಿದ್ದಳು.

“ಅವ್ವಾ, ಇನ್ನ ನೀ ಕುಂದರೂದು ಬ್ಯಾಡ. ಮನಿಗಿ ಹೋಗಿ ಆರಾಮ ಮಲಕ್ಕೊ.”

“ಇರಲಿ ಬಿಡೋ ಯಪ್ಪಾ, ಇಲ್ಲೇ ಕುಂತಿರ್ತೀನಿ.”

“ಮಷೀನ್ ಐತೆಲ್ಲ, ಏಳು!” ಎಂದು ಕೈ ಹಿಡಿದು ಎಬ್ಬಿಸಿಯೇ ಕಳಿಸಿದೆ.

ದಿನವಿಡೀ ಹನಿ ಬಿದ್ದಿತು. ಒಮ್ಮೆ ಮಾತ್ರ ತೂತಿಗೆ ಕಸ ಸಿಕ್ಕಾಗ ಬಝರ್ ಕೂಗಿ ಗುಡಿಯೆಲ್ಲ ಬೆಚ್ಚಿತು. ಕಾಕಾ ಓಡಿಬಂದು ಕಡ್ಡಿಯಿಂದ ತೂತು ಬಿಡಿಸಿದರು. ಯಂತ್ರ ಎಲ್ಲಿ ಕೈಕೊಡುತ್ತದೋ ಎಂದು ನಾನು ಅದರ ಮುಂದಿನಿಂದ ಅಲುಗಲೇ ಇಲ್ಲ. ‘ಮಾಸ್ತರಗ ಎಷ್ಟ ಭಕ್ತಿ ನೋಡ್ರಿ’ ಎಂದು ಹೆಂಗಸರು ಮೆಚ್ಚಿದರು.

ಸಂಜೆ ಎದೆಯುಬ್ಬಿಸಿಕೊಂಡು ಮನೆಗೆ ಹೋದರೆ, ಅವ್ವ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಮುಗಳಖೋಡದಿಂದ ಬೀಗರು ಬಂದಿದ್ದರಂತೆ, ಅವರಿಗೆ ಹೋಳಿಗೆಯಾಯಿತು. ಶೇಂಗಾ ಸುಲಿದದ್ದಾಯಿತು. ಪಕ್ಕದ ಮನೆಯ ಬಾಣಂತಿಯ ಕೂಸಿಗೆ ನೀರೆರೆದು ಬಂದದ್ದಾಯಿತು.

“ಮಲಕ್ಕೊ ಅಂದಿದ್ನೆಲ್ಲವ್ವಾ!”

“ಮನ್ಯಾಗ ಅದಾಳ ಅಂದ ಮ್ಯಾಲ ಯಾರ ಬಿಡ್ತಾರೋ ಯಪ್ಪಾ? ಗುಡ್ಯಾಗ ಕುಂತ್ರ ಯಾರೂ ಏಳು ಅಂತಿರಲಿಲ್ಲ. ವರ್ಷಕ್ಕ ಅದೊಂದ ದಿನ ಕುಂದರತಿದ್ನಿ. ಅದನ್ನೂ ಒಯ್ದು ಮಷೀನಿಗಿ ಕೊಟ್ಟಿ.”

ಅವಳು ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೇ ಹೇಳಿದಳು. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ನಾನೇ ಗುಡಿಯಿಂದ ಎರಡು ಸಲ ಫೋನ್ ಮಾಡಿ ಚಹಾ ಕಳಿಸಿರೆಂದು ಹೇಳಿದ್ದೆ. ಆ ಚಹಾ ಮಾಡಿದವಳೂ ಅವಳೇ.

ಈ ವರ್ಷ ಶ್ರಾವಣ ಹತ್ತಿರ ಬಂದಾಗ, ಯಂತ್ರ ಕೆಟ್ಟಿದೆ, ಅವ್ವನೇ ಕೂಡಬೇಕಾಗುತ್ತದೆ ಎಂದು ಓಣಿಗೆಲ್ಲ ಸಾರಿದೆ. ಮಲಗೊಂಡ ಕಾಕಾ ತುಸು ಗೊಣಗಿ, ಹೋದ ಸಲ ನಮ್ಮ ಪಾಳಿ ಕೆಡಲಿಲ್ಲವೆಂಬ ಕಾರಣಕ್ಕೆ ಒಪ್ಪಿದರು.

ಮೂರನೆಯ ಸೋಮವಾರ ಮಧ್ಯಾಹ್ನ ಗುಡಿಗೆ ಹೋದೆ. ಅವ್ವ ಕಂಬಕ್ಕೆ ಒರಗಿ, ಬಾಯಿ ತುಸು ತೆರೆದು, ಗಾಢ ನಿದ್ದೆಯಲ್ಲಿದ್ದಳು. ಹನಿ ಬೀಳುತ್ತಲೇ ಇತ್ತು. ಕೊಡದ ಬುಡಕ್ಕೆ ಸುತ್ತಿದ ಹೂವಿನ ಸರದೊಳಗೆ ಒಂದು ಕೆಂಪು ಚುಕ್ಕೆ ಹನಿಹನಿಗೂ ಮಿನುಗುತ್ತಿತ್ತು. ಬಝರ್ ಮಾತ್ರ ಈಗ ಅಲ್ಲಿರಲಿಲ್ಲ. ಸಣ್ಣ ತಂತಿಯೊಂದು ಕಂಬದ ಮರೆಯಿಂದ ಇಳಿದು ಅವ್ವನ ಸೆರಗಿನೊಳಗೆ ಹೋಗಿತ್ತು. ಅದರ ತುದಿಗೆ ಹಳೆಯ ಮೊಬೈಲಿನಿಂದ ನಾನೇ ಬಿಚ್ಚಿ ತೆಗೆದ ನಡುಗುವ ಮೋಟಾರು, ಹನಿ ನಿಂತರೆ ಅವಳೊಬ್ಬಳನ್ನೇ ಎಬ್ಬಿಸಲು.

ಹೊರಗೆ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದ ಕಾಕಾ ನನ್ನನ್ನು ಕಂಡು ದನಿ ಏರಿಸಿದರು. “ನಾ ಆವತ್ತ ಹೇಳಿದ್ನೆಲ್ಲೋ ಮಾಸ್ತರ, ಅದು ನಿನ್ನ ಕೈಲೆ ಆಗಾಂಗಿಲ್ಲಂತ!”

ಆರು ಸಲ ಸುಟ್ಟ ಬೆರಳುಗಳನ್ನು ಮುಷ್ಟಿ ಹಿಡಿದೆ. ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿದೆ.

“ಹೌದ್ರಿ ಕಾಕಾ,” ಎಂದೆ, “ನನ್ನಿಂದ ಆಗ್ಲಿಲ್ಲ. ಆದ್ರ ಒಂಚೂರು ಮೆಲ್ಲಕ ಮಾತಾಡ್ರಿ.”