ಮೊಲದ ಬಾಣಂತನ

ನಮ್ಮ ಸೋದರಮಾವನ ಜೊತೆ ನಿಂತುಕೊಂಡು ಜಗಳವಾಡಿದವರು ಹೊಸಪೇಟೆಯಲ್ಲಿ ಒಬ್ಬರೂ ಇಲ್ಲ. ಹಾಗೆಂದು ಆತ ಪೈಲ್ವಾನನೆಂದು ತಿಳಿಯಬೇಡಿ. ಆತನದು ಬೆಲ್ಲದ ಅಂಗಡಿ. ಮೈಯೂ ಬೆಲ್ಲದ ಅಚ್ಚಿನಂತೆ ಅಗಲ. ಆದರೆ ತನ್ನದೇ ಒಂದು ಕಾಯಿದೆ ಮಾಡಿಕೊಂಡಿದ್ದ, ಮದರಾಸು ಸರ್ಕಾರದ ಕಾಯಿದೆಗಳಿಗಿಂತ ಬಿಗಿಯಾದದ್ದು: ನಿಂತವರ ಮಾತಿಗೆ ಉತ್ತರ ಕೊಡುವುದಿಲ್ಲ.

ಒಮ್ಮೆ ಕಂಪ್ಲಿಯಿಂದ ಬೆಲ್ಲ ತಂದ ಗಾಡಿಯವನು, ತೂಕದಲ್ಲಿ ಮೋಸವಾಯಿತೆಂದು ಬಾರುಕೋಲು ಎತ್ತಿಕೊಂಡೇ ಅಂಗಡಿಗೆ ನುಗ್ಗಿದ.

"ಮೊದ್ಲು ಕುಂದ್ರಿ," ಅಂದ ಮಾವ.

"ಕುಂದ್ರಾಕ ಬಂದಿಲ್ರೀ ಸಾವ್ಕಾರ್ರ, ಜಗಳಾಡಾಕ ಬಂದೀನಿ."

"ಜಗಳಾನ ಆಡಾಣ. ಕುಂತು ಆಡಾಣ."

ಅವನು ಕುಳಿತ. ಕುಳಿತ ಮೇಲೆ ಬಾರುಕೋಲು ಅಡ್ಡಬಂತು, ಪಕ್ಕಕ್ಕಿಟ್ಟ. ಇಟ್ಟ ಮೇಲೆ ಕೈಗೆ ಕೆಲಸವಿಲ್ಲದೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡ. ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಬೈಯಲು ಎಂಥ ಶೂರನಿಗೆ ಸಾಧ್ಯ ಹೇಳಿ?

ನಾನು ಮದರಾಸಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದವನು. ಎದುರು ಪಕ್ಷದ ಸೊಲ್ಲಡಗಿಸುವುದನ್ನು ನಿಂತೇ ಕಲಿತವನು. ರಜೆಗೆ ಬಂದಾಗ ದೇವರು, ದೆವ್ವ ಎರಡೂ ಸುಳ್ಳೆಂದು ಸಾಧಿಸಲು ಎದ್ದುನಿಂತರೆ ಮಾವನ ಬೆರಳು ಚಾಪೆ ತೋರಿಸುತ್ತಿತ್ತು. ಕುಳಿತು ವಾದ ಮಾಡಿ ನೋಡಿ. ಅದರ ಅರ್ಧ ಬಲ ಮೊಣಕಾಲಿನಲ್ಲಿತ್ತೆಂದು ಆಗ ತಿಳಿಯುತ್ತದೆ.

ಆ ಮನೆಯಲ್ಲಿ ಇನ್ನೊಂದು ಕಾಯಿದೆಯೂ ಇತ್ತು. ಅತ್ತೆ ಮಾವನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಆತ ಮಾರು ದೂರದಲ್ಲೇ ಕುಳಿತಿದ್ದರೂ "ಊಟಕ್ಕ ಏಳಬೇಕಂತ ಹೇಳಪಾ" ಎಂದು ನನಗೆ ಹೇಳುವಳು. "ಬಂದೆ ಅಂತ ಹೇಳಪಾ" ಎನ್ನುವನು ಮಾವ. ನಾನಿಲ್ಲದ ದಿನಗಳಲ್ಲಿ ಗೋಡೆಗೆ ಹೇಳುತ್ತಿದ್ದರೋ ಏನೋ. ಹಳೆಯ ಕಾಲದವರ ನಾಚಿಕೆ ಎಂದುಕೊಂಡು ನಾನು ನಗುತ್ತಿದ್ದೆ.

ಇಂಥ ಮನೆಗೆ ಬಂದದ್ದು ಮೊಲ. ಯಶವಂತನಗರದ ಗಣಿಯ ಬಿಳಿ ದೊರೆಯೊಬ್ಬ ವಿಲಾಯಿತಿಗೆ ಹೊರಡುವಾಗ, ತನಗೆ ಸಾಮಾನು ಒದಗಿಸುತ್ತಿದ್ದ ಮಾವನಿಗೆ ತಾನು ಸಾಕಿದ ಬಿಳಿಮೊಲವನ್ನು ಕೊಟ್ಟುಹೋದ. ಹೆಣ್ಣು ಮೊಲ. ನೋಡಲು ಹತ್ತಿಯ ಉಂಡೆ. ಗೂಡಿಗೆ ಕೈಹಾಕಿದರೆ ಗುರ್ರೆಂದು ಮುಂಗಾಲಿನಿಂದ ಗುದ್ದಿ, ಕಚ್ಚುತ್ತಿತ್ತು. ದೊರೆ ಅಷ್ಟು ಉದಾರಿ ಏಕಾದನೆಂದು ಆಗ ಎಲ್ಲರಿಗೂ ಅರ್ಥವಾಯಿತು.

"ಸಿಟ್ಟಲ್ಲಲೇ ಅದು, ಅಂಜಿಕಿ," ಅಂದ ಮಾವ. "ಮ್ಯಾಲಿಂದ ಕೈ ಬಂದ್ರ ಅದಕ್ಕ ಹದ್ದು ಬಂದಂಗ ಕಾಣತೈತಿ."

ಮಾವನ ಕಾಯಿದೆ ಈಗ ಮೊಲಕ್ಕೂ ಜಾರಿಯಾಯಿತು. ಗೂಡಿನ ಬಾಗಿಲು ತೆರೆದಿಟ್ಟು, ಅಷ್ಟು ದೊಡ್ಡ ಮನುಷ್ಯ ಹಿತ್ತಲಿನಲ್ಲಿ ಗಲ್ಲವನ್ನು ನೆಲಕ್ಕೆ ಹಚ್ಚಿ ಬೋರಲು ಮಲಗಿದ. ಆತನನ್ನು ಹುಡುಕಿಕೊಂಡು ಬಂದ ಎಮ್ಮಿಗನೂರಿನ ಗಿರಾಕಿ "ಸಾವ್ಕಾರ್ರು ಬಿದ್ದಾರ" ಎಂದು ಕೂಗಿ, ಒಂದು ಕೊಡ ನೀರು ತಲೆಯ ಮೇಲೆ ಸುರಿದ. ಮಾವ ಅಲುಗಲಿಲ್ಲ. "ನೀರು ಸಾಕು, ನೀ ಕುಂದ್ರು," ಅಂದ. ಕೆಲವು ವಾರ ಹೀಗೇ ಕಳೆದ ಮೇಲೆ ಮೊಲ ತಾನಾಗಿ ಹೊರಬಂದು ಆತನ ಮೀಸೆ ಮೂಸತೊಡಗಿತು.

ಎಲ್ಲ ಸರಿಹೋಯಿತು ಅನ್ನುವಾಗ ಮತ್ತೆ ಕೆಟ್ಟಿತು. ಮೊಲ ತನ್ನ ಎದೆಯ, ಹೊಟ್ಟೆಯ ಕೂದಲನ್ನು ತಾನೇ ಕಿತ್ತುಕೊಂಡು, ಬಾಯಿತುಂಬ ಹುಲ್ಲು ಹೊತ್ತು ತಂದು, ಗೂಡಿನ ಮೂಲೆಯಲ್ಲಿ ಮೆತ್ತನೆಯ ಹಾಸಿಗೆ ಮಾಡಿತು. ಹತ್ತಿರ ಹೋದವರ ಮೇಲೆ ಎಗರತೊಡಗಿತು. ಮಾವನ ತಾಯಿ, ಎಂದರೆ ನಮ್ಮಜ್ಜಿ, ಸೊಪ್ಪು ಹಾಕಲು ಹೋಗಿ ಬೆರಳು ಕಚ್ಚಿಸಿಕೊಂಡಳು.

"ದೆವ್ವ ಬಡಕೊಂಡೈತಿ ಇದಕ್ಕ," ಎಂದು ಬುಕ್ಕಸಾಗರದ ದೆವ್ವ ಬಿಡಿಸುವವನಿಗೆ ಹೇಳಿಕಳಿಸಿದಳು. ಅವನ ಚಿಕಿತ್ಸೆ ಸುತ್ತಲ ಊರಿಗೆಲ್ಲ ಗೊತ್ತು: ಮೆಣಸಿನಕಾಯಿಯ ಹೊಗೆ, ಆಮೇಲೆ ಹುಣಸೆ ಬರಲಿನ, ಎಂದರೆ ಹಸಿ ಕೋಲಿನ, ಏಟು. ಅಷ್ಟು ಸಣ್ಣ ಜೀವ ಅದರಲ್ಲಿ ಉಳಿದೀತೇ?

ಅವನು ಬರುವ ದಿನ ಬೆಳಿಗ್ಗೆ ಮಾವ ಗೂಡಿಗೆ ಗೋಣಿತಟ್ಟು ಇಳಿಬಿಟ್ಟ. ಬಾಣಂತಿಯರಿಗೆ ಕೊಡುವ ಸಬ್ಬಸಿಗೆ ಸೊಪ್ಪು ತರಿಸಿದ. "ಯಾರೂ ಹತ್ರ ಹೋಗಬ್ಯಾಡ್ರಿ. ಅದು ಬಾಣಂತಿ," ಅಂದ.

ದೆವ್ವದ ವಿಷಯದಲ್ಲಿ ನಾನು ಮಾವನ ಪಕ್ಷವೇ. ಆದರೆ ಸರಿಯಾದ ಪಕ್ಷ ತಪ್ಪು ವಾದದಿಂದ ಗೆಲ್ಲುವುದನ್ನು ನೋಡಿಕೊಂಡು ಸುಮ್ಮನಿರುವುದು ಹೇಗೆ? ಎದ್ದುನಿಂತೆ.

"ಮಾವ, ಇದು ಒಂಟಿ ಮೊಲ. ಗಂಡಿಲ್ಲ, ಬಸುರಿಲ್ಲ, ಮರಿ ಇಲ್ಲ. ಹಾಸಿಗಿ ಖಾಲಿ ಐತಿ. ಖಾಲಿ ಹಾಸಿಗಿಗೆ ಬಾಣಂತಿ ಎಲ್ಲಿಂದ ಬಂದ್ಲು?"

ಮಾವ ಚಾಪೆ ತೋರಿಸಲಿಲ್ಲ. ಅಡಿಗೆಮನೆಯ ಬಾಗಿಲಿನಿಂದ ಅತ್ತೆಯ ದನಿ ಬಂತು.

"ಕೂಸು ಇಲ್ದಿದ್ರ ಬಾಣಂತಿ ಅಲ್ಲೇನಪಾ?"

ಸ್ಪರ್ಧೆಗಳಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಮಾವ ನೆಲ ನೋಡುತ್ತಲೇ ಮಾತಾಡಿದ.

"ಇಕಿ ಹೆತ್ತ ಕೂಸು ಅಳ್ಲೇ ಇಲ್ಲ. ಮಣ್ಣು ಮಾಡಿ ಬಂದ್ವಿ. ಆಮ್ಯಾಲೆ ಇಕಿ ಹಳೇ ಸೀರಿ ಮಡಚಿ ಕೂಸಿನ ಹಾಸಿಗಿ ಮಾಡ್ಕೊಂಡ್ಲು. ಹತ್ರ ಬಂದೋರ್ನ ಪರಚ್ತಿದ್ಲು. ಆಗ್ಲೂ ಈ ದೆವ್ವ ಬಿಡ್ಸೋನ್ನೇ ಕರ್ಸಿದ್ವಿ. ಇದೇ ಹೊಗಿ, ಇದೇ ಬರ್ಲು. ನಾ ಬಾಗಲ್ದಾಗ ನಿಂತು ನೋಡ್ದೆ. ನಿಂತೇ ಇದ್ದೆ. ಹೋಗಿ ಇಕಿ ಪಕ್ಕದಾಗ ಕುಂತಿದ್ರ..."

ಮಾವ ಗೂಡಿನ ಕಡೆ ನಡೆದ.

"ಆಗ ನಮಗೇನು ತಿಳೀತಿತ್ತು," ಎಂದಳು ಅಜ್ಜಿ, ಯಾರಿಗೂ ಅಲ್ಲ ಎಂಬಂತೆ. ಹಿತ್ತಲಿನ ಮೆಟ್ಟಿಲ ಮೇಲೆ ಕುಸಿದು ಕುಳಿತಳು.

ದೆವ್ವ ಬಿಡಿಸುವವನು ಹುಣಸೆ ಬರಲು ಹಿಡಿದು ಬಂದಾಗ ಮಾವ ಗೂಡಿಗೆ ಬೆನ್ನು ಕೊಟ್ಟು, ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಕುಳಿತಿದ್ದ.

"ಏಳ್ರಿ ಸಾವ್ಕಾರ್ರ, ಹೊತ್ತಾಗ್ತೈತಿ."

"ಏಳಂಗಿಲ್ಲ."

ಅವನು ಅಜ್ಜಿಯ ಮುಖ ನೋಡಿದ. ಅಜ್ಜಿ ಬಟ್ಟೆ ಸುತ್ತಿದ ತನ್ನ ಬೆರಳು ನೋಡಿಕೊಂಡಳು. ಅಷ್ಟರಲ್ಲಿ ಅತ್ತೆ ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಸಬ್ಬಸಿಗೆ ಸೊಪ್ಪಿತ್ತು. ಮಾವನ ಮುಂದೆ ಬಂದು ನಿಂತಳು. "ಹೇಳಪಾ" ಎನ್ನಲು ನನ್ನ ಕಡೆ ತಿರುಗುತ್ತಾಳೆಂದು ಕಾದೆ. ತಿರುಗಲಿಲ್ಲ.

"ಚೂರು ಸರೀರಿ," ಎಂದಳು ಮಾವನಿಗೆ.

ಮಾವ ಸರಿದ. ಅತ್ತೆ ಆತನ ಪಕ್ಕದಲ್ಲಿ ಕುಳಿತು, ಗೋಣಿತಟ್ಟಿನ ಅಡಿಯಿಂದ ಸೊಪ್ಪನ್ನು ನೆಲಕ್ಕೆ ತಾಗಿಸಿ, ಮೆಲ್ಲಗೆ ಒಳಗೆ ಸರಿಸಿದಳು.

ಹಿತ್ತಲಿನಲ್ಲಿ ಇನ್ನೂ ನಿಂತಿದ್ದವರು ಇಬ್ಬರೇ: ಬರಲು ಹಿಡಿದ ಅವನು, ಮತ್ತು ನಾನು.

ನಾನು ಕುಳಿತೆ.